ಊರಿನ ಹೆಸರನ್ನು ಕಲ್ಲಿನಲ್ಲಿ ಓದಿದ ರೈಸ್ ಸಾಹೇಬರು



ನಮ್ಮ ಊರಿಗೆ ಈ ಹೆಸರು ಹೇಗೆ ಬಂತೆಂದು ಮಕ್ಕಳು ಕೇಳಿದರೆ ನೀವು ಏನು ಹೇಳುತ್ತೀರಿ? ಚಿಂತಾಮಣಿಯವರು ಬೇಡಿದ್ದನ್ನು ಕೊಡುವ ರತ್ನದ ಮಾತೆತ್ತಬಹುದು. ಗೌರಿಬಿದನೂರಿನವರು ವಿದುರಾಶ್ವತ್ಥದ ಕಡೆ ಕೈ ತೋರಿಸಬಹುದು. ಕಥೆಗಳು ಸೊಗಸಾಗಿವೆ. ಆದರೆ ಅವು ನಿಜವೇ? ಇಂಥ ಪ್ರಶ್ನೆಗಳಿಗೆ ಕಲ್ಲಿನ ಸಾಕ್ಷಿಯನ್ನು ಒದಗಿಸಿಕೊಟ್ಟವರು ಬೆಂಜಮಿನ್ ಲೂಯಿಸ್ ರೈಸ್.

ರೈಸ್ ಹುಟ್ಟಿದ್ದು ಬೆಂಗಳೂರಿನಲ್ಲಿ, 1837ರಲ್ಲಿ. ತಂದೆ ಲಂಡನ್ ಮಿಷನ್ನಿನ ಪಾದ್ರಿ. ಇಂಗ್ಲೆಂಡಿನಲ್ಲಿ ಓದಿ 1860ರಲ್ಲಿ ಹಿಂತಿರುಗಿದ ಅವರು ಇಲ್ಲಿಯ ಹೈಸ್ಕೂಲಿಗೆ ಮುಖ್ಯೋಪಾಧ್ಯಾಯರಾದರು. ಮುಂದೆ ಶಾಲಾ ಇನ್ಸ್‌ಪೆಕ್ಟರ್, ಆನಂತರ ವಿದ್ಯಾ ಇಲಾಖೆಯ ನಿರ್ದೇಶಕ. ಶಾಲೆಗಳ ತನಿಖೆಗೆಂದು ಸಂಸ್ಥಾನವನ್ನೆಲ್ಲ ಸುತ್ತುವಾಗ ಗುಡಿಯ ಅಂಗಳದಲ್ಲಿ, ಕೆರೆಯ ಏರಿಯ ಮೇಲೆ ಅಕ್ಷರ ಕೊರೆದ ಕಲ್ಲುಗಳು ಅವರ ಕಣ್ಣಿಗೆ ಬಿದ್ದವು. ಕನ್ನಡ ಪಂಡಿತರನ್ನು ಜೊತೆಗಿಟ್ಟುಕೊಂಡು ಅವನ್ನು ಓದತೊಡಗಿದರು. ಹೀಗೆ ಸುಮಾರು 9000 ಶಾಸನಗಳು 'ಎಪಿಗ್ರಾಫಿಯಾ ಕರ್ನಾಟಿಕಾ' ಎಂಬ 12 ಸಂಪುಟಗಳಾದವು.

ಅದರ 10ನೆಯ ಸಂಪುಟ ಕೋಲಾರ ಜಿಲ್ಲೆಯದು, 1905ರಲ್ಲಿ ಅಚ್ಚಾಯಿತು. 2007ರಲ್ಲಿ ಬೇರೆ ಜಿಲ್ಲೆಯಾದ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಶಾಸನಗಳೂ ಅದರಲ್ಲೇ ಇವೆ. ಗಂಗ ಅರಸರು ಶಾಸನಗಳಲ್ಲಿ ತಮ್ಮನ್ನು ಕುವಲಾಲಪುರದ ಒಡೆಯರೆಂದೂ ನಂದಗಿರಿಯ ನಾಥರೆಂದೂ ಕರೆದುಕೊಂಡಿದ್ದರು. ಕುವಲಾಲವೇ ಕೋಲಾರ, ನಂದಗಿರಿಯೇ ನಮ್ಮ ನಂದಿಬೆಟ್ಟ ಎಂದು ರೈಸ್ ಗುರುತಿಸಿದರು. ನಾವು ದಿನವೂ ನೋಡುವ ಬೆಟ್ಟದ ಹೆಸರು ಸಾವಿರ ವರ್ಷಕ್ಕೂ ಹಳೆಯದು!

ಕಥೆಗಳನ್ನು ಅವರು ಹೀಗಳೆಯಲಿಲ್ಲ. ಹುತ್ತದ ಮೇಲೆ ಹಸು ಒಂದು ಬಳ್ಳ ಹಾಲು ಸುರಿಸಿದ್ದರಿಂದ ದೊಡ್ಡಬಳ್ಳಾಪುರಕ್ಕೆ ಆ ಹೆಸರು ಬಂತೆಂಬ ಕಥೆಯನ್ನು ತಮ್ಮ ಗೆಜೆಟಿಯರಿನಲ್ಲಿ ಕಥೆಯೆಂದೇ ಬರೆದಿಟ್ಟರು. ಚಿಂತಾಮಣಿಗೆ ಹೆಸರು ಬಂದದ್ದು ರತ್ನದಿಂದಲ್ಲ, ಚಿಂತಾಮಣಿ ರಾವ್ ಎಂಬ ಮರಾಠ ನಾಯಕನಿಂದ ಎಂದೂ ಅದೇ ಗೆಜೆಟಿಯರ್ ಹೇಳುತ್ತದೆ. ಕಥೆ ಯಾವುದು, ದಾಖಲೆ ಯಾವುದು ಎಂಬ ವಿವೇಕ ಅವರದು.

ಈ ವಿವೇಕ ಏಕೆ ಬೇಕು? ಬೆಂಗಳೂರನ್ನೇ ನೋಡಿ. ಹೊಯ್ಸಳ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟದ್ದರಿಂದ ಊರಿಗೆ ಆ ಹೆಸರು ಬಂತೆಂದು ಎಲ್ಲರೂ ಹೇಳುತ್ತಾರೆ. ಆದರೆ ಅವನಿಗಿಂತ ಸುಮಾರು 300 ವರ್ಷ ಮೊದಲಿನ ಬೇಗೂರಿನ ವೀರಗಲ್ಲೊಂದರಲ್ಲಿ ಬೆಂಗಳೂರಿನ ಹೆಸರು ಆಗಲೇ ಇದೆ. ಆ ಒಂದು ಕಲ್ಲು ಚಪ್ಪಡಿಯಾಗಿ ಹೋಗಿದ್ದರೆ ನಮಗೆ ಕಥೆಯೊಂದೇ ಉಳಿಯುತ್ತಿತ್ತು.

1906ರಲ್ಲಿ ನಿವೃತ್ತರಾದ ರೈಸ್ 1927ರಲ್ಲಿ ಇಂಗ್ಲೆಂಡಿನಲ್ಲಿ ತೀರಿಕೊಂಡರು. ಅವರು ಓದಿದ ಕಲ್ಲುಗಳು ಉಳಿದಿರುವುದು ನಮ್ಮ ಊರುಗಳಲ್ಲಿ, ಕಾಯಬೇಕಾದವರೂ ನಾವೇ. ಮುಂದಿನ ಭಾನುವಾರ ಮಕ್ಕಳ ಕೈ ಹಿಡಿದು ನಿಮ್ಮ ಊರಿನ ಬರಹದ ಕಲ್ಲನ್ನು ತೋರಿಸಿ. ಅದರ ಮೇಲೆ ಬಟ್ಟೆ ಒಗೆಯುತ್ತಿದ್ದರೆ, ಮೋರಿಗೆ ಹಾಸಲು ಹೊರಟಿದ್ದರೆ, ದಯವಿಟ್ಟು ತಡೆಯಿರಿ. ನಿಮ್ಮ ಊರಿನ ಹೆಸರು ಅದರಲ್ಲೇ ಇದ್ದೀತು.