ಎಡ ಬಲ ಸಮ ಮಾಡಿದವನು: ಅಲನ್ ಬ್ಲಮ್ಲೈನ್

ಕಳೆದ ರಜೆಯಲ್ಲಿ ನಮ್ಮ ಮಾವ ಅಟ್ಟದ ಮೇಲಿದ್ದ ಹಳೇ ವಾಲ್ವ್ ಸ್ಟೀರಿಯೋ ರಿಸೀವರ್ ಕೆಳಗಿಳಿಸಿದ್ರು. ಹಾಡೇನೋ ಬಂತು, ಆದ್ರೆ ಬಲಗಡೆ ಸ್ಪೀಕರ್ ಜೋರಾಗಿ ಕೂಗ್ತಿತ್ತು, ಎಡಗಡೆಯದು ಪಿಸುಗುಡ್ತಿತ್ತು. ಮಧ್ಯದಲ್ಲಿ ನಿಂತು ಹಾಡಬೇಕಾದ ಗಾಯಕಿ ಬಲಗಡೆ ಗೋಡೆಗೆ ಅಂಟಿಕೊಂಡ ಹಾಗೆ ಕೇಳಿಸ್ತಿತ್ತು. ನಾನು ತಕ್ಷಣ ಮಲ್ಟಿಮೀಟರ್ ಹುಡುಕೋಕೆ ಹೊರಟೆ. ಮಾವ ತಡೆದ್ರು. ವಾಲ್ವ್ ಸೆಟ್ಟಿನೊಳಗೆ 300 ವೋಲ್ಟ್ ಇರುತ್ತೆ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳು ಚಾರ್ಜ್ ಹಿಡಿದುಕೊಂಡಿರ್ತವೆ, ಮೊದಲು ಕೈ ಹಾಕದೇ ಯೋಚನೆ ಮಾಡು ಅಂದ್ರು.

ಅವರ ವಿಧಾನ ಸರಳ. ಸ್ಟೀರಿಯೋದಲ್ಲಿ ಎಡಗಡೆ ಏನಿದೆಯೋ ಬಲಗಡೆಯೂ ಅದೇ ಇರುತ್ತೆ. ಹಾಗಾಗಿ ಅದಲುಬದಲು ಮಾಡಿ ನೋಡಬೇಕು. ಸೆಟ್ ಆಫ್ ಮಾಡಿ ಸ್ಪೀಕರ್ ವೈರ್‌ಗಳನ್ನ ಬದಲಾಯಿಸಿದ್ವಿ. ಸಣ್ಣ ದನಿ ಈಗ ಬಲಗಡೆ ಸ್ಪೀಕರಿಗೆ ಹೋಯ್ತು. ಅಂದ್ರೆ ಸ್ಪೀಕರ್‌ಗಳು ಸರಿ ಇವೆ, ತಪ್ಪು ಸೆಟ್ಟಿನೊಳಗೇ ಇದೆ. ವೈರ್‌ಗಳನ್ನ ಮೊದಲಿನ ಹಾಗೆ ಜೋಡಿಸಿ, ವಾಲ್ವ್‌ಗಳು ತಣ್ಣಗಾದ ಮೇಲೆ ಎರಡು ಚಾನೆಲ್‌ಗಳ 12ಎಎಕ್ಸ್7 ವಾಲ್ವ್‌ಗಳನ್ನ ಅದಲುಬದಲು ಮಾಡಿದ್ವಿ. ಈಗ ಬಲಗಡೆ ಪಿಸುಗುಡೋಕೆ ಶುರುವಾಯ್ತು. ಕಳ್ಳ ಸಿಕ್ಕಿಬಿದ್ದ. ಮೊದಲು ಎಡಗಡೆ ಇದ್ದ ವಾಲ್ವ್ ಮುದಿಯಾಗಿತ್ತು.

ಅವತ್ತು ರಾತ್ರಿ ನನಗೆ ಒಂದು ಪ್ರಶ್ನೆ ಬಂತು. ಈ ಎಡ-ಬಲದ ಆಟವನ್ನ ಶುರು ಮಾಡಿದವರು ಯಾರು? ಹುಡುಕಿದಾಗ ಸಿಕ್ಕ ಹೆಸರು ಅಲನ್ ಡೋವರ್ ಬ್ಲಮ್ಲೈನ್. ಎರಡು ವರ್ಷದಿಂದ ಎಲೆಕ್ಟ್ರಾನಿಕ್ಸ್ ಓದ್ತಿದ್ದೀನಿ, ಈ ಹೆಸರು ಒಂದು ಸಲವೂ ಕೇಳಿರಲಿಲ್ಲ. ನೀವೂ ಕೇಳಿರಲಿಕ್ಕಿಲ್ಲ. ಅದಕ್ಕೇ ಈ ಲೇಖನ.

ಬ್ಲಮ್ಲೈನ್ ಹುಟ್ಟಿದ್ದು 1903ರ ಜೂನ್ 29ರಂದು, ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿ. ಅಪ್ಪ ಜರ್ಮನಿಯಲ್ಲಿ ಹುಟ್ಟಿದವರು, ಅಮ್ಮ ಸ್ಕಾಟಿಷ್ ಮಿಷನರಿಯೊಬ್ಬರ ಮಗಳು. ಏಳು ವರ್ಷದ ಹುಡುಗ ಮನೆಯ ಕಾಲಿಂಗ್ ಬೆಲ್ ರಿಪೇರಿ ಮಾಡಿ, ತಾನು ಎಲೆಕ್ಟ್ರಿಕಲ್ ಎಂಜಿನಿಯರ್ ಅಂತ ಸಹಿ ಹಾಕಿ ಅಪ್ಪನಿಗೇ ಬಿಲ್ ಕೊಟ್ಟಿದ್ದ ಅನ್ನೋ ಕತೆ ಇದೆ. ಇನ್ನೊಂದು ಕಡೆ, ಹನ್ನೆರಡು ವರ್ಷವಾದ್ರೂ ಅವನಿಗೆ ಸರಿಯಾಗಿ ಓದೋಕೆ ಬರ್ತಿರಲಿಲ್ಲವಂತೆ. ಲೆಕ್ಕ ಮಾತ್ರ ನೀರು ಕುಡಿದಷ್ಟು ಸುಲಭ. ಓದು ಬರದ ಹುಡುಗ ದಡ್ಡ ಅಂತ ನಾವು ಎಷ್ಟು ಬೇಗ ತೀರ್ಮಾನ ಮಾಡಿಬಿಡ್ತೀವಿ ಅಲ್ವಾ?

ಆ ಹುಡುಗ ಲಂಡನ್ನಿನ ಸಿಟಿ ಅಂಡ್ ಗಿಲ್ಡ್ಸ್ ಕಾಲೇಜಿಗೆ ಸ್ಕಾಲರ್‌ಶಿಪ್ ಪಡೆದು ಸೇರಿದ. 1923ರಲ್ಲಿ ಫಸ್ಟ್ ಕ್ಲಾಸ್‌ನಲ್ಲಿ ಪಾಸಾಗಿ, ಮುಂದಿನ ವರ್ಷ ಟೆಲಿಫೋನ್ ಕಂಪನಿಯೊಂದಕ್ಕೆ ಕೆಲಸಕ್ಕೆ ಹೋದ. ಅಲ್ಲಿನ ತಲೆನೋವು ಕ್ರಾಸ್‌ಟಾಕ್. ಒಂದು ಜೋಡಿ ತಂತಿಯ ಮಾತು ಪಕ್ಕದ ಜೋಡಿಯಲ್ಲೂ ಕೇಳಿಸೋದು. ಎರಡು ತಂತಿಗಳು ಸರಿಸಮವಾಗಿದ್ರೆ ಹೊರಗಿನ ಗಲಾಟೆ ಎರಡಕ್ಕೂ ಒಂದೇ ಥರ ತಟ್ಟುತ್ತೆ, ಕೊನೆಯಲ್ಲಿ ಒಂದರಿಂದ ಇನ್ನೊಂದನ್ನ ಕಳೆದ್ರೆ ಗಲಾಟೆ ಮಾಯ. ಸಮ ಸ್ವಲ್ಪ ತಪ್ಪಿದ್ರೂ ಪಕ್ಕದವರ ಮಾತು ಒಳಗೆ ನುಗ್ಗುತ್ತೆ. ಎರಡು ಬದಿಗಳನ್ನ ಸಮ ಮಾಡು, ಆಮೇಲೆ ವ್ಯತ್ಯಾಸ ನೋಡು. ಈ ಒಂದು ಯೋಚನೆಯನ್ನ ಬ್ಲಮ್ಲೈನ್ ಜೀವನಪೂರ್ತಿ ಬಿಡಲಿಲ್ಲ ಅನ್ಸುತ್ತೆ.

1929ರಲ್ಲಿ ಈತ ಕೊಲಂಬಿಯಾ ಗ್ರಾಫೋಫೋನ್ ಕಂಪನಿಗೆ ಬಂದ. ಆಗ ರೆಕಾರ್ಡ್ ಕತ್ತರಿಸೋ ಯಂತ್ರದ ಪೇಟೆಂಟ್ ಅಮೆರಿಕದವರ ಕೈಯಲ್ಲಿತ್ತು, ಅವರಿಗೆ ರಾಯಲ್ಟಿ ಕಟ್ಟಬೇಕಿತ್ತು. ಬ್ಲಮ್ಲೈನ್ ತನ್ನದೇ ಹೊಸ ಕಟರ್ ಮಾಡಿಕೊಟ್ಟ. 1931ರಲ್ಲಿ ಕೊಲಂಬಿಯಾ ಮತ್ತು ಗ್ರಾಮಫೋನ್ ಕಂಪನಿ ಒಂದಾಗಿ ಇಎಂಐ ಆಯ್ತು.

ಅದೇ 1931ರಲ್ಲಿ, ಮುಂದೆ ಹೆಂಡತಿಯಾದ ಡೋರೀನ್ ಜೊತೆ ಸಿನಿಮಾಗೆ ಹೋಗಿದ್ದನಂತೆ. ನಟ ಪರದೆಯ ಒಂದು ತುದಿಯಲ್ಲಿದ್ದಾನೆ, ದನಿ ಮಾತ್ರ ಬೇರೆಲ್ಲಿಂದಲೋ ಬರ್ತಿದೆ. ನಾವಾಗಿದ್ರೆ ಪಾಪ್‌ಕಾರ್ನ್ ತಿಂದು ಸುಮ್ಮನಾಗ್ತಿದ್ವಿ. ದನಿ ನಟನ ಹಿಂದೆಯೇ ಓಡಾಡೋ ಹಾಗೆ ಮಾಡೋ ದಾರಿ ನನಗೆ ಗೊತ್ತು ಅಂತ ಈತ ಡೋರೀನ್‌ಗೆ ಹೇಳಿದ. 1931ರ ಡಿಸೆಂಬರ್ 14ರಂದು ಪೇಟೆಂಟ್ ಅರ್ಜಿ ಹಾಕಿಯೂಬಿಟ್ಟ.

ಆ ಒಂದೇ ಪೇಟೆಂಟಿನಲ್ಲಿ 70 ಕ್ಲೇಮುಗಳಿದ್ವು. ಒಂದೇ ಜಾಗದಲ್ಲಿ ಎರಡು ಮೈಕ್ ಬೇರೆ ಬೇರೆ ದಿಕ್ಕಿಗೆ ಇಟ್ಟು ರೆಕಾರ್ಡ್ ಮಾಡೋದು, ರೆಕಾರ್ಡಿನ ಒಂದೇ ಗೆರೆಯ ಎರಡು ಗೋಡೆಗಳಲ್ಲಿ ಎರಡು ಚಾನೆಲ್ ಕೆತ್ತೋದು, ಸಿನಿಮಾ ಫಿಲ್ಮಿಗೆ ಎರಡು ಸೌಂಡ್ ಟ್ರ್ಯಾಕ್ ಹಾಕೋದು, ಎಲ್ಲವೂ ಅದರಲ್ಲಿತ್ತು. ಎರಡು ಸ್ಪೀಕರ್‌ಗಳ ಜೋರಿನಲ್ಲಿರೋ ವ್ಯತ್ಯಾಸದಿಂದಲೇ ದನಿ ಎಲ್ಲಿಂದ ಬರ್ತಿದೆ ಅಂತ ಕಿವಿಗೆ ಅನ್ನಿಸೋ ಹಾಗೆ ಮಾಡಬಹುದು ಅನ್ನೋದು ಇದರ ಗುಟ್ಟು. ಮಾವನ ಸೆಟ್ಟಿನಲ್ಲಿ ಗಾಯಕಿ ಗೋಡೆಗೆ ಅಂಟಿಕೊಂಡಿದ್ದು ಇದೇ ಕಾರಣಕ್ಕೆ. 1934ರ ಜನವರಿಯಲ್ಲಿ ಅಬ್ಬೇ ರೋಡ್ ಸ್ಟುಡಿಯೋದಲ್ಲಿ ಥಾಮಸ್ ಬೀಚಮ್ ನಡೆಸಿದ ಆರ್ಕೆಸ್ಟ್ರಾವನ್ನ ಸ್ಟೀರಿಯೋದಲ್ಲಿ ಹಿಡಿದ್ರು. 1935ರಲ್ಲಿ ಹೇಯ್ಸ್ ಸ್ಟೇಷನ್ನಿನ ರೈಲುಗಳ ಮೇಲೆ ಪುಟ್ಟ ಸ್ಟೀರಿಯೋ ಫಿಲ್ಮ್ ಕೂಡ ಮಾಡಿದ್ರು. ಆದ್ರೆ ಸ್ಟೀರಿಯೋ ರೆಕಾರ್ಡುಗಳು ಅಂಗಡಿಗೆ ಬಂದಿದ್ದು 1950ರ ದಶಕದ ಕೊನೆಗೆ. ಅಷ್ಟರಲ್ಲಿ ಪೇಟೆಂಟ್ ಅವಧಿಯೇ ಮುಗಿದಿತ್ತು.

ಕಂಪನಿ ಸ್ಟೀರಿಯೋ ಬದಿಗಿಟ್ಟು ಈತನನ್ನ ಟೀವಿ ಕೆಲಸಕ್ಕೆ ಹಾಕಿತು. ಐಸಾಕ್ ಷೋನ್‌ಬರ್ಗ್ ನಾಯಕತ್ವದ ತಂಡ ಕಟ್ಟಿದ 405 ಗೆರೆಗಳ ಟೀವಿ 1936ರ ನವೆಂಬರ್ 2ರಂದು ಬಿಬಿಸಿಯಲ್ಲಿ ಶುರುವಾಯ್ತು. ಅದೇ ವರ್ಷ ಬ್ಲಮ್ಲೈನ್ ಇನ್ನೊಂದು ಸರ್ಕ್ಯೂಟಿಗೆ ಪೇಟೆಂಟ್ ಅರ್ಜಿ ಹಾಕಿದ್ದ. ಎರಡು ವಾಲ್ವ್‌ಗಳ ಕ್ಯಾಥೋಡ್ ಸೇರಿಸಿ, ಕೆಳಗೆ ಬಾಲದ ಥರ ಒಂದು ದೊಡ್ಡ ರೆಸಿಸ್ಟರ್. ಎರಡಕ್ಕೂ ಸಮನಾಗಿ ಬರೋ ಗಲಾಟೆಯನ್ನ ಅದು ಹತ್ತಿಕ್ಕುತ್ತೆ, ವ್ಯತ್ಯಾಸವನ್ನ ಮಾತ್ರ ದೊಡ್ಡದು ಮಾಡುತ್ತೆ. ಗುರುತು ಸಿಕ್ತಾ? ಇಂಟರ್ನಲ್ಸ್‌ಗೆ ನಾವು ಉರು ಹೊಡೆಯೋ ಡಿಫರೆನ್ಷಿಯಲ್ ಆಂಪ್ಲಿಫೈಯರ್! ವಾಲ್ವ್ ಹೋಗಿ ಟ್ರಾನ್ಸಿಸ್ಟರ್ ಬಂತು, ಸರ್ಕ್ಯೂಟ್ ಮಾತ್ರ ಪ್ರತಿ ಆಪ್-ಆಂಪ್ ಒಳಗೂ ಕೂತಿದೆ.

ಆಮೇಲೆ ಯುದ್ಧ ಬಂತು. ಕತ್ತಲಲ್ಲಿ, ಮೋಡದ ಮೇಲಿಂದಲೂ ಬಾಂಬರ್ ವಿಮಾನಗಳಿಗೆ ಕೆಳಗಿನ ನೆಲ ತೋರಿಸೋ ಎಚ್‌2ಎಸ್ ರೇಡಾರ್ ಕೆಲಸಕ್ಕೆ ಬ್ಲಮ್ಲೈನ್ ಸೇರಿದ. 1942ರ ಜೂನ್ 7ರಂದು ಅದರ ಪರೀಕ್ಷೆಗಾಗಿ ಡೆಫರ್ಡ್‌ನಿಂದ ಹಾರಿದ ಹ್ಯಾಲಿಫ್ಯಾಕ್ಸ್ ವಿಮಾನದಲ್ಲಿ ಈತನೂ ಇದ್ದ. ಬಲಗಡೆ ತುದಿಯ ಎಂಜಿನ್ನಿಗೆ ಬೆಂಕಿ ಹತ್ತಿತು, ರೆಕ್ಕೆಗೂ ಹಬ್ಬಿತು. ವಿಮಾನ ವೆಲ್ಷ್ ಬಿಕ್ನರ್ ಹತ್ತಿರ ಬಿದ್ದು ಅದರಲ್ಲಿದ್ದ 11 ಜನರೂ ಸತ್ತರು. ಬ್ಲಮ್ಲೈನ್‌ಗೆ ಇನ್ನೂ 39 ತುಂಬಿರಲಿಲ್ಲ. ಮನೆಯಲ್ಲಿ ಡೋರೀನ್ ಮತ್ತು ಇಬ್ಬರು ಪುಟ್ಟ ಗಂಡುಮಕ್ಕಳು. ರೇಡಾರ್ ಗುಟ್ಟಾಗಿದ್ದರಿಂದ ಅಪಘಾತದ ಸುದ್ದಿಯನ್ನೂ ಗುಟ್ಟಾಗಿಟ್ರು. 128 ಪೇಟೆಂಟ್ ಪಡೆದವನ ಹೆಸರು ಜನರಿಗೆ ಗೊತ್ತಾಗದೇ ಉಳಿದಿದ್ದಕ್ಕೆ ಇದೂ ಒಂದು ಕಾರಣ. ಅವನಿಗೆ ಟೆಕ್ನಿಕಲ್ ಗ್ರ್ಯಾಮಿ ಬಂದಿದ್ದು 2017ರಲ್ಲಿ, ಸತ್ತು 75 ವರ್ಷವಾದ ಮೇಲೆ.

ಬೆಂಕಿಗೆ ಕಾರಣ ಹುಡುಕಿದಾಗ ಸಿಕ್ಕಿದ್ದು ಒಂದು ನಟ್. ಎಂಜಿನ್ ಪರೀಕ್ಷೆ ಮಾಡುವಾಗ ಯಾರೋ ಒಬ್ಬರು ಒಂದು ಟ್ಯಾಪೆಟ್ ನಟ್ ಸರಿಯಾಗಿ ಬಿಗಿ ಮಾಡಿರಲಿಲ್ಲ. ಅದು ಸಡಿಲವಾಗಿ, ವಾಲ್ವ್ ಮುರಿದು, ಇಂಧನಕ್ಕೆ ಬೆಂಕಿ ಹತ್ತಿತ್ತು. ಇದನ್ನ ಓದಿದ ಮೇಲೆ ನನಗೆ ಸ್ವಲ್ಪ ಹೊತ್ತು ಏನೂ ಓದೋಕೆ ಆಗಲಿಲ್ಲ. ಲ್ಯಾಬಿನಲ್ಲಿ ಕನೆಕ್ಷನ್ ಸಡಿಲ ಇದ್ರೂ ರೀಡಿಂಗ್ ಬಂದ್ರೆ ಸಾಕು ಅಂತ ಬರ್ಕೊಂಡು ಬರೋರಲ್ಲಿ ನಾನೂ ಒಬ್ಬ. ಆ ನಟ್ ಬಿಗಿ ಮಾಡದವರೂ ಇಷ್ಟೇ ಸಾಕು ಅಂತಲೇ ಅಂದ್ಕೊಂಡಿರಬೇಕು.

ಎರಡು ವಾರದ ಮೇಲೆ ಹೊಸ ವಾಲ್ವ್ ಬಂತು. ಹಾಕಿ ಆನ್ ಮಾಡಿದ್ವಿ. ಗಾಯಕಿ ಗೋಡೆ ಬಿಟ್ಟು ಮೆಲ್ಲಗೆ ಮಧ್ಯಕ್ಕೆ ಬಂದು ನಿಂತಳು. ಮಾವನಿಗೆ ಖುಷಿಯೋ ಖುಷಿ. ಸೆಟ್ ಆಫ್ ಮಾಡಿ, ಹಿಂದಿನ ಮುಚ್ಚಳ ಹಾಕಿ, ಸ್ಕ್ರೂಗಳನ್ನೆಲ್ಲ ಬಿಗಿ ಮಾಡಿದೆ. ಆಮೇಲೆ ಇನ್ನೊಂದು ಸಲ ಒಂದೊಂದನ್ನೂ ಮುಟ್ಟಿ ನೋಡಿದೆ.