ಡಾ. ಹೋಮಿ ಭಾಭಾ ಮತ್ತು ಕೋಲಾರದ ಪಾತಾಳಶಾಲೆ

ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್ ಜನರಲ್ ಪದವಿಯನ್ನಲಂಕರಿಸಿದ್ದ ಹೊರ್ಮುಸ್‌ಜಿ ಭಾಭಾ ಎಂಬ ಪಾರಸಿ ಮಹನೀಯರ ಮೊಮ್ಮಗನೇ ಡಾ. ಹೋಮಿ ಜಹಾಂಗೀರ್ ಭಾಭಾ. ಭಾರತದ ಅಣುಶಕ್ತಿ ಯೋಜನೆಯ ಪಿತಾಮಹರೆಂದು ಅವರನ್ನು ಎಲ್ಲರೂ ಬಲ್ಲರು. ಕನ್ನಡನೆಲದ ಗರ್ಭದಲ್ಲಿ ಅವರು ತೊಡಗಿಸಿದ ಶೋಧನೆಯನ್ನು ಬಲ್ಲವರು ವಿರಳ.

1909ರ ಅಕ್ಟೋಬರ್ 30ರಂದು ಮುಂಬಯಿಯಲ್ಲಿ ಜನಿಸಿದ ಅವರು 1927ರಲ್ಲಿ ಕೇಂಬ್ರಿಜ್ ಸೇರಿದರು. ಮಗನು ಯಂತ್ರಶಾಸ್ತ್ರವನ್ನೋದಲೆಂಬುದು ತಂದೆಯ ಇಚ್ಛೆ. ಮಗನ ಒಲವು ಭೌತಶಾಸ್ತ್ರದತ್ತ. ತಂದೆಯ ಮಾತನ್ನು ಮೊದಲು ನಡೆಸಿ, ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದ ಬಳಿಕವೇ ತಮ್ಮ ಹಾದಿ ಹಿಡಿದರು. ಆಗ ವಿಲ್ಸನ್ನರ ಮೇಘಕೋಷ್ಠವೇ ಕಣವಿಜ್ಞಾನಿಗಳ ಕಣ್ಣಾಗಿತ್ತು. ತೇವ ತುಂಬಿದ ಅನಿಲವನ್ನು ಥಟ್ಟನೆ ಹಿಗ್ಗಿಸಿದರೆ, ಕಾಣದ ಕಣವು ಹಾದುಹೋದ ಜಾಡಿನಲ್ಲಿ ಹನಿಗಳು ಸಾಲುಗಟ್ಟುತ್ತವೆ. ಆ ಕೋಷ್ಠದಲ್ಲಿ ವಿಶ್ವಕಿರಣಗಳು ಕವಲೊಡೆದು ಮಳೆಯಂತೆ ಸುರಿಯುವುದೇಕೆಂಬುದನ್ನು 1937ರಲ್ಲಿ ಭಾಭಾ ಮತ್ತು ಹೈಟ್ಲರ್ ಗಣಿತಮುಖದಿಂದ ವಿವರಿಸಿದರು.

1939ರಲ್ಲಿ ರಜೆಗೆಂದು ಸ್ವದೇಶಕ್ಕೆ ಬಂದಿದ್ದಾಗ ಮಹಾಯುದ್ಧ ಹೊತ್ತಿಕೊಂಡು, ಮರಳುವ ದಾರಿ ಕಟ್ಟಿತು. ಸರ್ ಸಿ. ವಿ. ರಾಮನ್ನರಿದ್ದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಅವರಿಗೆ ಆಶ್ರಯವಿತ್ತಿತು. ಅದುವರೆಗೆ ಲೇಖನಿ ಕಾಗದಗಳಲ್ಲೇ ವಿಶ್ವವನ್ನಳೆದಿದ್ದ ಸಿದ್ಧಾಂತಿ ಇಲ್ಲಿ ಉಪಕರಣಗಳ ಕಾಯಕಕ್ಕಿಳಿದರು. ಗೈಗರ್ ಗಣಕವೆಂದರೆ ಅನಿಲ ತುಂಬಿದ ಕೊಳವೆ. ನಡುವೆ ಒಂದು ತಂತಿ. ಕಣವೊಂದು ಹೊಕ್ಕು ಅನಿಲದ ಪರಮಾಣುಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತರೆ, ತಂತಿಯಲ್ಲಿ ವಿದ್ಯುತ್ತು ಮಿಡಿಯುತ್ತದೆ. ಇಂಥ ಕೊಳವೆಗಳನ್ನು ಒಂದರ ಕೆಳಗೊಂದಿರಿಸಿದರೆ ಕಣ ಬಂದ ದಿಕ್ಕೂ ತಿಳಿಯುವುದು. ಯುದ್ಧಕಾಲದಲ್ಲಿಯೇ ಭಾಭಾ ಮತ್ತು ಅವರ ಸಂಗಡಿಗರು ಇವನ್ನು ವಿಮಾನದಲ್ಲೇರಿಸಿ ಬೆಂಗಳೂರಿನ ಮೇಲೆ 30,000 ಅಡಿಗಳವರೆಗೆ ಕಳುಹಿಸಿದರು.

1945ರಲ್ಲಿ ಬೆಂಗಳೂರಿನಲ್ಲಿಯೇ ಮೊದಲುಗೊಂಡ ಟಾಟಾ ಮೂಲಭೂತ ಸಂಶೋಧನ ಸಂಸ್ಥೆ ಅದೇ ವರ್ಷ ಮುಂಬಯಿಗೆ ಹೋಯಿತು. ಆದರೆ ಭಾಭಾ ಈ ನಾಡನ್ನು ಮರೆಯಲಿಲ್ಲ. ಎತ್ತರದಲ್ಲಿ ಅಳೆದುದಾಯಿತು, ಆಳದಲ್ಲಿ ಅಳೆಯುವುದೆಂತು? 1951ರಲ್ಲಿ ನಂಜನಗೂಡಿನ ತರುಣ ಬಿ. ವಿ. ಶ್ರೀಕಂಠನ್ ಅವರನ್ನು ಗೈಗರ್ ಗಣಕಗಳೊಡನೆ ಕೋಲಾರದ ಚಿನ್ನದ ಗಣಿಗಿಳಿಸಿದರು. ಚಿನ್ನ ಅಗೆಯುವ ಬಿಲದಲ್ಲಿ ಆಕಾಶವನ್ನು ಅರಸುವುದು ವಿಚಿತ್ರವೆನಿಸಬಹುದು. ಮೇಲಿನ ಬಂಡೆಯೇ ಅಲ್ಲಿ ಜರಡಿ. 1960ರ ದಶಕದ ಆರಂಭದಲ್ಲಿ ಅತ್ಯಂತ ಆಳದ ತಾಣದಲ್ಲಿ ಉಪಕರಣವು ಎರಡು ತಿಂಗಳು ಮೌನವಾಗಿತ್ತು. ಒಂದು ಕಣವೂ ದಾಖಲಾಗಲಿಲ್ಲ. ಅನ್ಯರು ಅದನ್ನು ಸೋಲೆನ್ನಬಹುದಿತ್ತು. ಯಾವ ಬಂಡೆಗೂ ತಡೆಯಲಾಗದ ನ್ಯೂಟ್ರಿನೋವನ್ನು ಹಿಡಿಯಲು ಆ ನಿಶ್ಶಬ್ದವೇ ಬೇಕಾಗಿತ್ತು!

ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಮ್ ವಿದ್ವಾಂಸರೂ ಕೂಡಿಕೊಂಡರು. 7,600 ಅಡಿ ಆಳದಲ್ಲಿ ನಿಯಾನ್ ಕೊಳವೆಗಳ ಸಾಲು ನಿಂತಿತು. ಸ್ಟೇಶನ್ ಬಜಾರಿನಂಥ ಪೇಟೆಗಳ ಅಂಗಡಿ ಫಲಕಗಳಲ್ಲಿ ಹಿಂದೆ ಕೆಂಪಗೆ ಹೊಳೆಯುತ್ತಿದ್ದ ಅನಿಲವೇ ಅದು. ಕಣ ಹಾದ ಕೊಳವೆಗಳು ಮಾತ್ರ ಮಿನುಗಿ, ಅದರ ಪಥ ಚಿತ್ರಪಟದಲ್ಲಿ ಮೂಡುತ್ತಿತ್ತು. 1965ರಲ್ಲಿ ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೋವಿನ ಕುರುಹು ಅಲ್ಲಿ ದೊರೆಯಿತು. ಅದೇ ವರ್ಷ ದಕ್ಷಿಣ ಆಫ್ರಿಕದ ಗಣಿಯೊಂದರಲ್ಲಿಯೂ ಅದು ಕಾಣಿಸಿತು.

ಆ ವಾರ್ತೆ ಪ್ರಕಟವಾದ ಕೆಲವೇ ತಿಂಗಳಲ್ಲಿ, 1966ರ ಜನವರಿ 24ರಂದು, ಭಾಭಾ ಪಯಣಿಸುತ್ತಿದ್ದ ವಿಮಾನವು ಆಲ್ಪ್ಸ್ ಪರ್ವತದ ಮಾಂಟ್ ಬ್ಲಾಂಕ್ ಶಿಖರಕ್ಕೆ ಅಪ್ಪಳಿಸಿತು. ಅವರಿಗಾಗ 56 ವರ್ಷ. ಕೋಲಾರದ ಕೆಲಸ ನಿಲ್ಲಲಿಲ್ಲ. 1980ರಲ್ಲಿ ಪ್ರೋಟಾನಿನ ಅಳಿವನ್ನು ಶೋಧಿಸಲು, ಅನಿಲ ತುಂಬಿದ ಸುಮಾರು 1,600 ಕಬ್ಬಿಣದ ಕೊಳವೆಗಳನ್ನು 34 ಪದರಗಳಲ್ಲಿ ಅದೇ ಗಣಿಯೊಳಗೆ ಜೋಡಿಸಿದರು.