ಎನ್. ಎಸ್. ಕೃಷ್ಣನ್

ನಾಗರಕೋಯಿಲ್ ಸುಡಲೈಮುತ್ತು ಕೃಷ್ಣನ್ (ನವೆಂಬರ್ 29, 1908 – ಆಗಸ್ಟ್ 30, 1957) ತಮಿಳು ರಂಗಭೂಮಿ ಮತ್ತು ಚಲನಚಿತ್ರರಂಗದ ಹೆಸರಾಂತ ಹಾಸ್ಯನಟ, ಗಾಯಕ, ನಿರ್ಮಾಪಕ ಹಾಗೂ ನಿರ್ದೇಶಕ. ಎನ್. ಎಸ್. ಕೆ. ಎಂಬ ಮೂರಕ್ಷರಗಳಿಂದಲೂ, ಕಲೆಯಿಂದಲೇ ಬಾಳುವವನು ಎಂಬ ಅರ್ಥ ಕೊಡುವ 'ಕಲೈವಾಣರ್' ಎಂಬ ಬಿರುದಿನಿಂದಲೂ ಅವರು ಜನಜನಿತರು. 1936ರಿಂದ 1957ರವರೆಗಿನ ಸುಮಾರು ಎರಡು ದಶಕಗಳ ಅವಧಿಯಲ್ಲಿ ಅವರು ನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ಕಾಣಿಸಿಕೊಂಡರು. ಈ ಅವಧಿಯಲ್ಲೇ ಎರಡು ವರ್ಷಕ್ಕೂ ಮೀರಿದ ಸೆರೆವಾಸವೂ ಸೇರಿದೆ. ಪತ್ನಿ ಟಿ. ಎ. ಮಧುರಂ ಅವರೊಡನೆ ಅವರು ಕಟ್ಟಿದ ಹಾಸ್ಯಜೋಡಿ ದಕ್ಷಿಣ ಭಾರತದ ಚಿತ್ರರಂಗದಲ್ಲಿ ಮಾದರಿಯಾಗಿ ನಿಂತಿತು.

ಜನನ ಮತ್ತು ಬಾಲ್ಯ

ಕೃಷ್ಣನ್ ಅವರು ಅಂದಿನ ತಿರುವಾಂಕೂರು ಸಂಸ್ಥಾನಕ್ಕೆ ಸೇರಿದ್ದ ನಾಗರಕೋಯಿಲ್‌ನ ಒಳುಗಿನಶೇರಿಯಲ್ಲಿ ಜನಿಸಿದರು. ತಂದೆ ಸುಡಲೈಮುತ್ತು ಪಿಳ್ಳೈ, ತಾಯಿ ಇಸಕ್ಕಿ ಅಮ್ಮಾಳ್. ಮನೆಯಲ್ಲಿ ಕಡುಬಡತನವಿದ್ದುದರಿಂದ ಶಾಲೆಯ ಓದು ಪ್ರಾಥಮಿಕ ತರಗತಿಗಳಲ್ಲೇ ನಿಂತುಹೋಯಿತು. ಟೆನ್ನಿಸ್ ರ‍್ಯಾಕೆಟ್‌ಗಳಿಗೆ ತಂತಿ ಬಿಗಿಯುವ ಕೆಲಸ, ಅಂಗಡಿಯ ಚಾಕರಿ ಹೀಗೆ ಸಿಕ್ಕಿದ್ದನ್ನೆಲ್ಲ ಅವರು ಮಾಡಿದರು. ನಾಟಕದ ಕೊಟ್ಟಿಗೆಯಲ್ಲಿ ಸೋಡಾ, ತಿಂಡಿ ಮಾರುವ ಹುಡುಗನಾಗಿಯೂ ದುಡಿದರು. ಈ ಕೊನೆಯ ಕೆಲಸವೇ ಅವರಿಗೆ ದಾರಿ ತೋರಿಸಿತು. ಟಿಕೆಟ್ಟಿಗೆ ಕಾಸಿಲ್ಲದ ಹುಡುಗ ದಿನವೂ ನಾಟಕ ನೋಡಬಹುದಾಗಿದ್ದ ಏಕೈಕ ಉಪಾಯ ಅದಾಗಿತ್ತು.

ನಾಂಜಿಲ್ ನಾಡು ಎಂದು ಕರೆಯಲ್ಪಡುವ ಆ ಸೀಮೆಯಲ್ಲಿ ವಿಲ್ಲುಪಾಟ್ಟು ಎಂಬ ಜನಪದ ಕಲೆ ಬಳಕೆಯಲ್ಲಿತ್ತು. ನೆಲದ ಮೇಲಿಟ್ಟ ಉದ್ದನೆಯ ಬಿಲ್ಲಿಗೆ ಗೆಜ್ಜೆಗಳನ್ನು ಕಟ್ಟಿ, ಅದರ ಹೆದೆಯನ್ನು ಕೋಲುಗಳಿಂದ ಬಡಿಯುತ್ತ, ಮಡಕೆಯ ತಾಳಕ್ಕೆ ಕಥೆ ಹೇಳುವ ಕಲೆಯಿದು. ಮುಖ್ಯ ಗಾಯಕ ಒಂದು ಮಾತು ಹೇಳಿದರೆ ಪಕ್ಕದವನು ಅದಕ್ಕೊಂದು ಪ್ರಶ್ನೆ ಎಸೆಯುತ್ತಾನೆ. ಕಥೆ ಮುಂದೆ ಸಾಗುವುದು ಆ ಪ್ರಶ್ನೋತ್ತರದ ಚಕಮಕಿಯಲ್ಲಿಯೇ. ಕೃಷ್ಣನ್ ಬಾಲ್ಯದಲ್ಲೇ ಈ ಕಲೆಯನ್ನು ಕಲಿತರು. ಮುಂದೆ ಚಿತ್ರಗಳಲ್ಲಿ ಅವರು ರೂಢಿಸಿಕೊಂಡ ಸಂಭಾಷಣೆಯ ಧಾಟಿಯಲ್ಲಿ ಇದರ ಗುರುತು ಸ್ಪಷ್ಟವಾಗಿದೆ.

ರಂಗಭೂಮಿ

ಮಗನ ಒಲವನ್ನು ಕಂಡ ತಂದೆ ಅವರನ್ನು ಟಿ. ಕೆ. ಎಸ್. ಸಹೋದರರ ಬಾಲ ಷಣ್ಮುಖಾನಂದ ಸಭೆಗೆ ಸೇರಿಸಿದರು. ಕರ್ನಾಟಕದ ವೃತ್ತಿ ಕಂಪನಿಗಳಂತೆ ಅಲ್ಲಿಯೂ ಹುಡುಗರು ಕಂಪನಿಯಲ್ಲೇ ಉಂಡು, ಮಲಗಿ, ಹಾಡು, ಕುಣಿತ, ಮಾತುಗಾರಿಕೆಗಳನ್ನು ಕಲಿಯಬೇಕಿತ್ತು. ನಿಗದಿಯಾದ ನಟ ಬಾರದಿದ್ದ ದಿನ ಯಾವ ಪಾತ್ರಕ್ಕಾದರೂ ನಿಲ್ಲಬಲ್ಲವರಾಗಿದ್ದ ಕೃಷ್ಣನ್, ಬರುಬರುತ್ತ ಹಾಸ್ಯದ ಪಾತ್ರಗಳಲ್ಲಿ ನೆಲೆ ಕಂಡುಕೊಂಡರು.

ಚಿತ್ರರಂಗ ಪ್ರವೇಶ

ಕೃಷ್ಣನ್ ಅಭಿನಯಿಸಿದ ಮೊದಲ ಚಿತ್ರ ಅಮೆರಿಕದ ಎಲ್ಲಿಸ್ ಆರ್. ಡಂಗನ್ ನಿರ್ದೇಶಿಸಿದ 'ಸತಿ ಲೀಲಾವತಿ' (1936). ಎಸ್. ಎಸ್. ವಾಸನ್ ಅವರ ಕಥೆಯನ್ನು ಆಧರಿಸಿದ ಈ ಚಿತ್ರದ ಮೂಲಕವೇ ಎಂ. ಜಿ. ರಾಮಚಂದ್ರನ್, ಎಂ. ಕೆ. ರಾಧಾ, ಟಿ. ಎಸ್. ಬಾಲಯ್ಯ ಅವರೂ ತೆರೆಗೆ ಬಂದರು. ಟಿ. ಕೆ. ಎಸ್. ಸಹೋದರರ 'ಮೇನಕಾ' (1935) ಇದಕ್ಕಿಂತ ಮೊದಲೇ ಬಿಡುಗಡೆಯಾದುದರಿಂದ ಕೆಲವರು ಅದನ್ನೇ ಅವರ ಮೊದಲ ಚಿತ್ರವೆಂದು ಪರಿಗಣಿಸುತ್ತಾರೆ. 'ಸತಿ ಲೀಲಾವತಿ'ಯ ವಸ್ತು ಕುಡಿತದಿಂದ ಹಾಳಾಗುವ ಸಂಸಾರ. ಮದ್ಯಪಾನದ ವಿರುದ್ಧ ಬದುಕಿನುದ್ದಕ್ಕೂ ಹಾಡಿದ ನಟನೊಬ್ಬ ಅಂಥ ಚಿತ್ರದಿಂದಲೇ ಆರಂಭಿಸಿದ್ದು ಕಾಕತಾಳೀಯ.

ಟಿ. ಎ. ಮಧುರಂ ಅವರ ಪರಿಚಯವಾದದ್ದು 'ವಸಂತಸೇನಾ' ಚಿತ್ರದ ಕಾಲದಲ್ಲಿ. ಚಿತ್ರೀಕರಣಕ್ಕಾಗಿ ತಂಡವು ಪುಣೆಗೆ ಹೋದಾಗ ಖರ್ಚಿಗೆ ಹಣ ಸಾಲದೆ ಕೃಷ್ಣನ್ ಅವರು ಮಧುರಂ ಅವರಿಂದ ಕೈಗಡ ಪಡೆದರೆಂಬ ಕಥೆ ಪ್ರಚಲಿತವಾಗಿದೆ. ಇಬ್ಬರೂ ಮದುವೆಯಾದರು. ಕೃಷ್ಣನ್ ಅವರಿಗೆ ಅದಕ್ಕೂ ಮೊದಲೇ ನಾಗಮ್ಮಾಳ್ ಅವರೊಡನೆ ವಿವಾಹವಾಗಿತ್ತು.

ಹಾಸ್ಯದ ಶೈಲಿ

ಆ ಕಾಲದ ಚಿತ್ರಗಳಲ್ಲಿ ಹಾಸ್ಯವೆಂದರೆ ಬಹುಮಟ್ಟಿಗೆ ಬೀಳುವುದು, ಹೊಡೆಸಿಕೊಳ್ಳುವುದು, ಅಂಗವೈಕಲ್ಯವನ್ನು ಅಣಕಿಸುವುದು. ಕೃಷ್ಣನ್ ಇದನ್ನು ಬದಲಿಸಿದರು. ಅವರು ಮಾಡಿದ ಮುಖ್ಯ ಕೆಲಸವೆಂದರೆ ಹಾಸ್ಯದ ಭಾಗವನ್ನು ನಿರ್ಮಾಪಕರ ಕೈಯಿಂದ ತಮ್ಮ ಕೈಗೆ ತೆಗೆದುಕೊಂಡದ್ದು. ತಮ್ಮದೇ ಆದ ನಟರ ಹಾಗೂ ಬರಹಗಾರರ ತಂಡವೊಂದನ್ನು ಇಟ್ಟುಕೊಂಡು, ಚಿತ್ರದ ಕಥೆ ಏನೇ ಇರಲಿ, ಅದಕ್ಕೆ ಹೊಂದಿಕೊಂಡು ನಡೆಯುವ ಕಿರುಗಥೆಯೊಂದನ್ನು ಅವರೇ ಹೆಣೆಯುತ್ತಿದ್ದರು. ಸಂಭಾಷಣೆ, ಹಾಡು, ಅಭ್ಯಾಸ ಎಲ್ಲವೂ ಆ ತಂಡದಲ್ಲಿಯೇ ಆಗುತ್ತಿದ್ದವು. ಅವರಿಗಾಗಿ ಅನೇಕ ಹಾಡುಗಳನ್ನು ಕವಿ ಉಡುಮಲೈ ನಾರಾಯಣ ಕವಿ ಬರೆದುಕೊಟ್ಟರು. 'ಅಂಬಿಕಾಪತಿ' (1937), 'ತಿರುನೀಲಕಂಠರ್' (1939), 'ಉತ್ತಮ ಪುತ್ತಿರನ್' (1940), 'ಕಣ್ಣಗಿ' (1942) ಮೊದಲಾದ ಚಿತ್ರಗಳು ಈ ಪದ್ಧತಿಗೆ ಉದಾಹರಣೆಗಳು. ಎಂ. ಎಸ್. ಸುಬ್ಬುಲಕ್ಷ್ಮಿ ನಾಯಕಿಯಾಗಿದ್ದ 'ಶಕುಂತಲೈ' (1940) ಚಿತ್ರದಲ್ಲಿ ಕೃಷ್ಣನ್ ಮತ್ತು ಟಿ. ಎಸ್. ದುರೈರಾಜ್ ಬೆಸ್ತರಾಗಿ ನಡೆಸುವ ಜಗಳ ಇಂದಿಗೂ ಮೆಚ್ಚುಗೆ ಪಡೆಯುತ್ತದೆ. ಕಾಳಿದಾಸನ ಲೋಕದ ನಡುವೆ ಮೀನುಗಾರರ ಈ ಕಿತ್ತಾಟ ಎಲ್ಲಿಯೂ ಹೊರಗಿನದೆನಿಸುವುದಿಲ್ಲ.

ಕೃಷ್ಣನ್–ಮಧುರಂ ಜೋಡಿಯ ಹಾಸ್ಯದಲ್ಲಿ ಹೆಂಡತಿಯೇ ಹೆಚ್ಚು ಬುದ್ಧಿವಂತೆ. ಗಂಡ ದೊಡ್ಡ ಮಾತಾಡಿ ಸಿಕ್ಕಿಬೀಳುತ್ತಾನೆ, ಹೆಂಡತಿ ಒಂದೇ ಪ್ರಶ್ನೆಯಿಂದ ಅವನನ್ನು ನೆಲಕ್ಕಿಳಿಸುತ್ತಾಳೆ. ಮೂಢನಂಬಿಕೆ, ಜಾತಿಯ ಮೇಲುಕೀಳು, ಕುಡಿತ, ಸೋಮಾರಿತನ ಇವೇ ಅವರ ಗುರಿಗಳಾಗಿದ್ದವು. ಕೃಷ್ಣನ್ ದ್ರಾವಿಡ ಚಳವಳಿಯ ನಾಯಕರೊಡನೆ ಆಪ್ತರಾಗಿದ್ದರು. ಗಾಂಧೀಜಿಯವರ ಬಗೆಗೂ ಅವರಿಗೆ ಅಷ್ಟೇ ಗೌರವವಿತ್ತು. ಉಪದೇಶ ಮಾಡುವಾಗಲೂ ಅವರು ಮೊದಲು ತಮ್ಮನ್ನೇ ನಗೆಪಾಟಲಿಗೆ ಒಡ್ಡಿಕೊಳ್ಳುತ್ತಿದ್ದುದರಿಂದ, ಚುಚ್ಚಿಸಿಕೊಂಡವರೂ ಅವರೊಡನೆ ನಕ್ಕರು.

ಲಕ್ಷ್ಮೀಕಾಂತನ್ ಕೊಲೆ ಪ್ರಕರಣ

1944ರ ದೀಪಾವಳಿಗೆ ಬಿಡುಗಡೆಯಾದ 'ಹರಿದಾಸ್' ಚಿತ್ರದಲ್ಲಿ ಅಂದಿನ ಅತ್ಯಂತ ಜನಪ್ರಿಯ ಗಾಯಕನಟ ಎಂ. ಕೆ. ತ್ಯಾಗರಾಜ ಭಾಗವತರ್ ಅವರೊಡನೆ ಕೃಷ್ಣನ್ ಮತ್ತು ಮಧುರಂ ನಟಿಸಿದ್ದರು. ಚಿತ್ರ ತೆರೆಕಂಡು ತಿಂಗಳು ತುಂಬುವ ಮೊದಲೇ, ನವೆಂಬರ್ 8ರಂದು, ಮದ್ರಾಸಿನ ವೇಪೇರಿಯಲ್ಲಿ ಸಿ. ಎನ್. ಲಕ್ಷ್ಮೀಕಾಂತನ್ ಎಂಬ ಪತ್ರಕರ್ತನಿಗೆ ಇರಿತವಾಯಿತು. ಮರುದಿನ ಆತ ತೀರಿಕೊಂಡ. 'ಹಿಂದು ನೇಸನ್' ಎಂಬ ಪತ್ರಿಕೆಯಲ್ಲಿ ಚಿತ್ರರಂಗದವರ ಖಾಸಗಿ ಬದುಕಿನ ಬಗ್ಗೆ ಕೀಳು ಅಭಿರುಚಿಯ ಬರಹಗಳನ್ನು ಪ್ರಕಟಿಸುತ್ತಿದ್ದ ಕಾರಣ ಆತನಿಗೆ ಶತ್ರುಗಳು ಬಹಳ ಮಂದಿ ಇದ್ದರು. ಕೊಲೆಯ ಸಂಚಿನ ಆರೋಪದ ಮೇಲೆ ಭಾಗವತರ್, ಕೃಷ್ಣನ್ ಹಾಗೂ ನಿರ್ದೇಶಕ ಎಸ್. ಎಂ. ಶ್ರೀರಾಮುಲು ನಾಯ್ಡು ಬಂಧಿತರಾದರು. ನಾಯ್ಡು ಅವರು ಬಿಡುಗಡೆ ಹೊಂದಿದರು. ಉಳಿದ ಇಬ್ಬರಿಗೆ 1945ರ ಮೇ ತಿಂಗಳಲ್ಲಿ ಜೀವಾವಧಿ ಶಿಕ್ಷೆಯಾಯಿತು.

ಮದ್ರಾಸ್ ಹೈಕೋರ್ಟಿನಲ್ಲಿ ಮೇಲ್ಮನವಿ ವಜಾ ಆಯಿತು. ಪ್ರಕರಣ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೆ ಹೋಗಿ, ಅಲ್ಲಿಂದ ಮರುವಿಚಾರಣೆಗಾಗಿ ಹಿಂದಿರುಗಿತು. 1947ರ ಏಪ್ರಿಲ್‌ನಲ್ಲಿ ಹೈಕೋರ್ಟ್ ಇಬ್ಬರನ್ನೂ ನಿರ್ದೋಷಿಗಳೆಂದು ಖುಲಾಸೆಗೊಳಿಸಿತು. ಕೊಲೆ ಮಾಡಿಸಿದವರು ಯಾರೆಂಬುದು ಇಂದಿಗೂ ಬಗೆಹರಿದಿಲ್ಲ. ನಾಯಕನೂ ಹಾಸ್ಯನಟನೂ ಸೆರೆಯಲ್ಲಿದ್ದ ಆ ದಿನಗಳಲ್ಲಿ 'ಹರಿದಾಸ್' ಮದ್ರಾಸಿನ ಬ್ರಾಡ್‌ವೇ ಚಿತ್ರಮಂದಿರದಲ್ಲಿ ಓಡುತ್ತಲೇ ಇತ್ತು; ಅದು ಮೂರು ದೀಪಾವಳಿಗಳನ್ನು ಕಂಡ ಚಿತ್ರವೆಂದು ಹೆಸರಾಗಿದೆ.

ಸೆರೆವಾಸದ ಕಾಲದಲ್ಲಿ ಮಧುರಂ ಅವರು ತೋರಿದ ಧೈರ್ಯವನ್ನು ಇಲ್ಲಿ ನೆನೆಯಲೇಬೇಕು. ಎಸ್. ವಿ. ಸಹಸ್ರನಾಮಂ ಮೊದಲಾದವರ ಸಹಕಾರದಿಂದ ಅವರು ಎನ್. ಎಸ್. ಕೆ. ನಾಟಕ ಸಭೆಯನ್ನು ನಡೆಸಿದರು. ಗಂಡನನ್ನು ನಂಬಿದ್ದ ಕಲಾವಿದರಿಗೆ ಕೆಲಸವೂ, ಮೊಕದ್ದಮೆಗೆ ಹಣವೂ ಹೀಗೆ ಒದಗಿದವು. ಕೃಷ್ಣನ್–ಪಂಜು ನಿರ್ದೇಶನದ 'ಪೈತ್ತಿಯಕ್ಕಾರನ್' (1947) ಚಿತ್ರದ ಕೆಲಸ ಆರಂಭವಾದದ್ದೂ ಆಗಲೇ. ಬಿಡುಗಡೆಯಾಗಿ ಬಂದ ಕೃಷ್ಣನ್ ಅವರಿಗಾಗಿ ಅದರಲ್ಲಿ ಪಾತ್ರವೊಂದನ್ನು ಸೇರಿಸಲಾಯಿತು.

ಎರಡನೆಯ ಪರ್ವ

ಸೆರೆಯಿಂದ ಹೊರಬಂದ ಮೇಲೆ ಭಾಗವತರ್ ಅವರ ಚಿತ್ರಜೀವನ ಮತ್ತೆ ಚೇತರಿಸಿಕೊಳ್ಳಲಿಲ್ಲ. ಕೃಷ್ಣನ್ ಅವರ ವಿಷಯದಲ್ಲಿ ಹಾಗಾಗಲಿಲ್ಲ. 1947ರಲ್ಲಿಯೇ ತಮಿಳು ರಂಗಭೂಮಿಯ ಹಿರಿಯ ನಾಟಕಕಾರ ಪಮ್ಮಲ್ ಸಂಬಂಧ ಮುದಲಿಯಾರ್ ಅವರಿಗೆ 'ಕಲೈವಾಣರ್' ಬಿರುದನ್ನಿತ್ತರು. ವಾಸನ್ ಅವರು ತಮ್ಮ ಅದ್ದೂರಿ ಚಿತ್ರ 'ಚಂದ್ರಲೇಖಾ'ದಲ್ಲಿ (1948) ಕೃಷ್ಣನ್–ಮಧುರಂ ಜೋಡಿಗೆ ಸರ್ಕಸ್ ಕಲಾವಿದರ ಪಾತ್ರಗಳನ್ನು ಕಲ್ಪಿಸಿದರು.

ಈ ಪರ್ವದ ಮಹತ್ವದ ಚಿತ್ರ 'ನಲ್ಲ ತಂಬಿ' (1949). ಮುಂದೆ ಮುಖ್ಯಮಂತ್ರಿಯಾದ ಸಿ. ಎನ್. ಅಣ್ಣಾದುರೈ ಚಿತ್ರಸಾಹಿತಿಯಾಗಿ ಪ್ರವೇಶ ಮಾಡಿದ್ದು ಇದರ ಮೂಲಕವೇ. ಪಾನನಿಷೇಧವನ್ನು ಪ್ರತಿಪಾದಿಸುವ ಈ ಚಿತ್ರದಲ್ಲಿ ಕೃಷ್ಣನ್ ನಡೆಸಿಕೊಡುವ 'ಕಿಂದನಾರ್' ಎಂಬ ಕಾಲಕ್ಷೇಪವಿದೆ. ಕಾಲಕ್ಷೇಪವೆಂದರೆ ನಮ್ಮ ಹರಿಕಥೆಯನ್ನು ಹೋಲುವ ಪ್ರಕಾರ. ತಮಿಳುನಾಡಿನಲ್ಲಿ ಆ ಪ್ರಕಾರದ ಅತ್ಯಂತ ಪ್ರಸಿದ್ಧ ವಸ್ತು, ಚಿದಂಬರದ ನಟರಾಜನ ದರ್ಶನಕ್ಕಾಗಿ ಹಂಬಲಿಸಿದ ದಲಿತ ಭಕ್ತ ನಂದನಾರ್ ಅವರ ಕಥೆ. ಕೃಷ್ಣನ್ ಅದೇ ಧಾಟಿ, ಅದೇ ಗಾಂಭೀರ್ಯವನ್ನು ಇಟ್ಟುಕೊಂಡು ಕಥಾನಾಯಕನನ್ನು ಮಾತ್ರ ಬದಲಿಸಿದರು. ಅವರ ಕಿಂದನ್ ಹಂಬಲಿಸುವುದು ಪಟ್ಟಣಕ್ಕೆ ಹೋಗಿ ಓದುವುದಕ್ಕೆ. ಅವನು ಹಿಂದಿರುಗುವುದು ಶಾಲಾ ಇನ್‌ಸ್ಪೆಕ್ಟರ್ ಆಗಿ. ನಂದನಾರ್ ಬೆಂಕಿಯನ್ನು ಹಾದು ಶುದ್ಧರಾಗಬೇಕಾಯಿತು, ಕಿಂದನಾರ್‌ಗೆ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಸಾಕಾಯಿತು. ನಗುತ್ತ ಕೇಳುವ ಪ್ರೇಕ್ಷಕನಿಗೆ ಈ ವ್ಯತ್ಯಾಸದ ತೀಕ್ಷ್ಣತೆ ಅರಿವಾಗುವುದು ಸ್ವಲ್ಪ ತಡವಾಗಿ. ಅವರ ಕೃತಿಗಳಲ್ಲೆಲ್ಲ ಇದನ್ನೇ ಶ್ರೇಷ್ಠವೆಂದು ಎಣಿಸಿದರೆ ತಪ್ಪಾಗಲಾರದು.

ನಿರ್ದೇಶಕರಾಗಿ ಅವರು 'ಮಣಮಗಳ್' (1951) ಮತ್ತು 'ಪಣಂ' (1952) ಚಿತ್ರಗಳನ್ನು ನೀಡಿದರು. ಎರಡಕ್ಕೂ ಸಂಭಾಷಣೆ ಎಂ. ಕರುಣಾನಿಧಿಯವರದು. ಮೊದಲನೆಯದು ಪದ್ಮಿನಿಯವರನ್ನು ತಮಿಳಿನಲ್ಲಿ ನಾಯಕಿಯಾಗಿ ನೆಲೆಗೊಳಿಸಿತು. ಎರಡನೆಯದರಲ್ಲಿ ಶಿವಾಜಿ ಗಣೇಶನ್ ನಟಿಸಿದರು. ವಿಶ್ವನಾಥನ್–ರಾಮಮೂರ್ತಿ ಜೋಡಿಯಾಗಿ ಸಂಗೀತ ನೀಡಿದ ಮೊದಲ ಚಿತ್ರವೂ ಅದೇ.

'ಮುದಲ್ ತೇದಿ' (1955) ಚಿತ್ರಕ್ಕೆ ಕನ್ನಡದ ನಂಟಿದೆ. ಬಿ. ಆರ್. ಪಂತುಲು ಅವರ ಪದ್ಮಿನಿ ಪಿಕ್ಚರ್ಸ್ ಇದೇ ಕಥೆಯನ್ನು ಅದೇ ವರ್ಷ 'ಮೊದಲ ತೇದಿ' ಎಂಬ ಹೆಸರಿನಲ್ಲಿ ಕನ್ನಡಕ್ಕೂ ತಂದಿತು. ಸಂಬಳ ಕೈಗೆ ಬಂದ ಹೊಸದರ ಸಡಗರವನ್ನೂ ತಿಂಗಳ ಕೊನೆಯ ಪರದಾಟವನ್ನೂ ಕುರಿತು ತಮಿಳು ಚಿತ್ರದಲ್ಲಿ ಕೃಷ್ಣನ್ ಹಾಡಿದ ಹಾಡು ನೌಕರವರ್ಗದ ಮನೆಮಾತಾಯಿತು. 'ರಾಜಾ ರಾಣಿ' (1956) ಚಿತ್ರದಲ್ಲಿ ಅವರು ನಗುವಿನ ಬಗೆಗಳನ್ನೇ ವಸ್ತುವಾಗಿಟ್ಟುಕೊಂಡು, ಒಂದೊಂದನ್ನೂ ನಕ್ಕು ತೋರಿಸುತ್ತ ಹಾಡಿದ್ದಾರೆ. ಆಗ ಅವರ ಆರೋಗ್ಯವೂ ಹಣಕಾಸೂ ಕುಸಿಯುತ್ತಿದ್ದವು.

ದಾನಶೀಲತೆ ಮತ್ತು ಕೊನೆಯ ದಿನಗಳು

ಕೃಷ್ಣನ್ ಅವರು ಗಳಿಸಿದ್ದನ್ನು ಉಳಿಸಿದವರಲ್ಲ. ಬೇಡಿ ಬಂದವರಿಗೆ ಇಲ್ಲವೆನ್ನುವುದು ಅವರಿಗೆ ತಿಳಿಯದು ಎಂಬುದು ಸಮಕಾಲೀನರೆಲ್ಲರ ಒಮ್ಮತದ ಅಭಿಪ್ರಾಯ. ಲೆಕ್ಕಪತ್ರಗಳಲ್ಲಿ ಬರೀ ದಾನದ ಬಾಬತ್ತುಗಳನ್ನೇ ಕಂಡು ಶಂಕಿಸಿದ ಆದಾಯ ತೆರಿಗೆ ಅಧಿಕಾರಿಯೊಬ್ಬರು, ಪರೀಕ್ಷಿಸಲೆಂದು ಬಡವನ ಸೋಗಿನಲ್ಲಿ ಮಗಳ ಮದುವೆಗೆ ಹಣ ಕೇಳಿ, ಕೃಷ್ಣನ್ ಕೂಡಲೇ ಒಪ್ಪಿದ್ದನ್ನು ಕಂಡು ನಾಚಿದರೆಂಬ ದಂತಕಥೆ ತಮಿಳುನಾಡಿನಲ್ಲಿ ಹಬ್ಬಿದೆ. ಕಥೆ ನಿಜವಿರಲಿ ಇಲ್ಲದಿರಲಿ, ಅದನ್ನು ಜನ ನಂಬಿದ್ದು ಅವರ ನಡೆಯನ್ನು ಕಂಡೇ. ಹಣವನ್ನೇ ಹೆಸರಾಗಿ ಹೊತ್ತ ಚಿತ್ರವನ್ನು ನಿರ್ದೇಶಿಸಿದವರು ಸಾಲದಲ್ಲಿ ಸಿಲುಕಿ ಕೊನೆಯ ವರ್ಷಗಳನ್ನು ಕಷ್ಟದಲ್ಲಿ ಕಳೆದರು.

1957ರ ಚುನಾವಣೆಯಲ್ಲಿ ಕಾಂಚೀಪುರದಿಂದ ಸ್ಪರ್ಧಿಸಿದ್ದ ಅಣ್ಣಾದುರೈಯವರ ಪರವಾಗಿ ಅವರು ಪ್ರಚಾರ ಮಾಡಿದರು. ಎದುರಾಳಿ ಊರಿನ ಒಳ್ಳೆಯ ವೈದ್ಯರು. ಕೃಷ್ಣನ್ ಭಾಷಣದುದ್ದಕ್ಕೂ ಆ ವೈದ್ಯರ ಗುಣಗಾನ ಮಾಡಿ, ಕೊನೆಯಲ್ಲಿ ಇಂಥವರನ್ನು ಶಾಸನಸಭೆಗೆ ಕಳುಹಿಸಿಬಿಟ್ಟರೆ ಊರಿನ ರೋಗಿಗಳ ಗತಿಯೇನೆಂದು ಕೇಳಿದರಂತೆ. ಅಣ್ಣಾದುರೈ ಗೆದ್ದರು. ಅದೇ ವರ್ಷ ಆಗಸ್ಟ್ 30ರಂದು ಕೃಷ್ಣನ್ ಮದ್ರಾಸಿನಲ್ಲಿ ನಿಧನರಾದರು. ಆಗ ಅವರಿಗೆ 48 ವರ್ಷ. ಮಧುರಂ 1974ರಲ್ಲಿ ತೀರಿಕೊಂಡರು.

ಸ್ಮರಣೆ

ಚೆನ್ನೈನ ತ್ಯಾಗರಾಯನಗರದಲ್ಲಿ ಕೃಷ್ಣನ್ ಅವರ ಪ್ರತಿಮೆಯಿದೆ. ಇದನ್ನು 1969ರ ಜನವರಿಯಲ್ಲಿ ಅನಾವರಣಗೊಳಿಸಿದವರು ಆಗಿನ ಮುಖ್ಯಮಂತ್ರಿ ಅಣ್ಣಾದುರೈ. ಕ್ಯಾನ್ಸರಿನಿಂದ ನರಳುತ್ತಿದ್ದ ಅವರು ಪಾಲ್ಗೊಂಡ ಕೊನೆಯ ಸಾರ್ವಜನಿಕ ಸಮಾರಂಭ ಅದು. ಫೆಬ್ರವರಿ 3ರಂದು ಅವರು ತೀರಿಕೊಂಡರು. ವಾಲಾಜಾ ರಸ್ತೆಯಲ್ಲಿರುವ ಸರ್ಕಾರಿ ಸಭಾಂಗಣಕ್ಕೆ 'ಕಲೈವಾಣರ್ ಅರಂಗಂ' ಎಂದು ಹೆಸರಿಡಲಾಗಿದ್ದು, ಹಳೆಯ ಕಟ್ಟಡವನ್ನು ಕೆಡವಿ ಕಟ್ಟಿದ ಈಗಿನ ಕಟ್ಟಡ 2016ರಲ್ಲಿ ಉದ್ಘಾಟನೆಯಾಯಿತು. 2020ರಲ್ಲಿ ಕೋವಿಡ್ ಸೋಂಕಿನ ಕಾರಣ ಸದಸ್ಯರು ಅಂತರ ಕಾಯ್ದು ಕೂರಬೇಕಾಗಿ ಬಂದಾಗ, ತಮಿಳುನಾಡು ವಿಧಾನಸಭೆಯ ಅಧಿವೇಶನ ಈ ಹಾಸ್ಯನಟನ ಹೆಸರಿನ ಸಭಾಂಗಣದಲ್ಲಿಯೇ ನಡೆಯಿತು. ತಮಿಳುನಾಡು ಸರ್ಕಾರ ಅವರ ಹೆಸರಿನಲ್ಲಿ ಪ್ರಶಸ್ತಿಯನ್ನೂ ನೀಡುತ್ತದೆ.